ಮಾವನ ಪ್ರೊಜೆಕ್ಟರು, ಅತ್ತೆಯ ತಪಾಸಣೆ

ನಮ್ಮ ಮಾವ ಈ ಲೋಕದಲ್ಲಿ ಯಾರನ್ನೂ ನಂಬುವುದಿಲ್ಲ. ಹಾಗಂತ ಅವರದು ಅನುಮಾನದ ಸ್ವಭಾವ ಎಂದು ತಿಳಿದುಬಿಡಬೇಡಿ. ಎಲ್ಲರಿಗಿಂತ ಕಡಿಮೆ ಅವರು ನಂಬುವುದು ತಮ್ಮನ್ನೇ! ಮನೆಗೆ ಬೀಗ ಹಾಕುವವರು ಅವರು. ಅದನ್ನು ಜಗ್ಗಿ ನೋಡಬೇಕಾದವರು ಅತ್ತೆ. ಗ್ಯಾಸ್ ಆರಿಸುವವರು ಅತ್ತೆ. ಆರಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವವರು ಮಾವ. ಈ ಇಬ್ಬರೂ ಸಿ.ವಿ. ರಾಮನ್ ನಗರದ ತಮ್ಮ ಬೀದಿಯ ತುದಿ ಮುಟ್ಟುವಷ್ಟರಲ್ಲಿ, ಬಾಣಸವಾಡಿಯಿಂದ ಹೊರಟ ನಾವು ಮದುವೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತೇವೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ನಿವೃತ್ತಿಯಾಗುವವರೆಗೂ ಒಂದು ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿದ್ದವರು. ಅಲ್ಲಿ ಒಂದು ನಿಯಮವಿತ್ತಂತೆ. ಯಾವ ಭಾಗವನ್ನೇ ಆಗಲಿ, ತಯಾರಿಸಿದವನೇ ನೋಡಿ ಸರಿಯಿದೆ ಎನ್ನುವಂತಿಲ್ಲ. ಇನ್ನೊಬ್ಬ ಬಂದು ನೋಡಬೇಕು. ಅವನು ‘ಪಾಸ್’ ಎಂದರೆ ಪಾಸ್, ‘ರಿಜೆಕ್ಟ್’ ಎಂದರೆ ರಿಜೆಕ್ಟ್. ನಿವೃತ್ತಿಯ ದಿನ ಬೇರೆಯವರು ಹಾರ, ಗಡಿಯಾರ ಹಿಡಿದು ಮನೆಗೆ ಬಂದರೆ ನಮ್ಮ ಮಾವ ಈ ನಿಯಮವನ್ನೂ ಹಿಡಿದುಕೊಂಡು ಬಂದರು. ಅತ್ತೆಯ ಸಾರನ್ನು ಅವರು ಪಾಸ್ ಮಾಡಬೇಕು. ಅವರು ಕಟ್ಟಿದ ಬಟ್ಟೆ ಹಗ್ಗವನ್ನು ಅತ್ತೆ ಪಾಸ್ ಮಾಡಬೇಕು. ಬೆಳಿಗ್ಗೆ ಗಡ್ಡ ಹೆರೆದುಕೊಂಡ ಮೇಲೆ ಮಾವ ನೇರ ಅಡುಗೆಮನೆಗೆ ಹೋಗಿ ಮುಖ ಒಡ್ಡಿ ನಿಲ್ಲುತ್ತಿದ್ದರು. ಅತ್ತೆ ಸೌಟು ಹಿಡಿದುಕೊಂಡೇ ಕೆನ್ನೆಯಿಂದ ಕೆನ್ನೆಗೆ ನೋಡಿ, “ಎಡಗಡೆ ಕಿವಿ ಕೆಳಗೆ ಬಿಟ್ಟಿದೀರಿ, ರಿಜೆಕ್ಟು” ಎನ್ನುತ್ತಿದ್ದರು. ಮಾವ ತಕರಾರಿಲ್ಲದೆ ಬಚ್ಚಲಿಗೆ ಮರಳುತ್ತಿದ್ದರು. ಆಗ ಅವರಿಗೆ ಪೊದೆ ಮೀಸೆಯೂ ಇತ್ತು. ಹೋದ ವರ್ಷ ಅದಕ್ಕೆ ಹಚ್ಚಿದ ಬಣ್ಣ ಒಗ್ಗದೆ ತುಟಿ ಊದಿಕೊಂಡದ್ದರಿಂದ ಮೀಸೆಯನ್ನೇ ತೆಗೆದುಬಿಟ್ಟರು.

ಇಂಥ ಮನೆಯಲ್ಲಿ ತಪಾಸಣೆ ಮಾಡುವವರ ಕಣ್ಣೇ ಕೆಟ್ಟರೆ ಏನು ಮಾಡುವುದು?

ಅತ್ತೆಗೆ ಆದದ್ದು ಅದೇ. ಕಣ್ಣಿನ ನಡುಭಾಗದ ನೋಟ ನಿಧಾನವಾಗಿ ಹೋಯಿತು. ಅಂಚಿನಲ್ಲಿ ಬಾಗಿಲು, ಕಿಟಕಿ, ಓಡಾಡುವ ಜನ ಕಾಣುತ್ತಾರೆ. ಆದರೆ ಯಾರನ್ನಾದರೂ ನೇರವಾಗಿ ನೋಡಿದರೆ, ಮುಖ ಇರಬೇಕಾದ ಜಾಗದಲ್ಲಿ ಯಾರೋ ಹೆಬ್ಬೆಟ್ಟು ಒತ್ತಿ ಉಜ್ಜಿದಂತೆ ಇರುತ್ತದಂತೆ. ಮನೆ ಅವರಿಗೆ ಬಾಯಿಪಾಠ, ಆದ್ದರಿಂದ ಅಡುಗೆಗೇನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಸಂಜೆಯ ಧಾರಾವಾಹಿಗೆ. ಅದರಲ್ಲಿ ಇಬ್ಬರು ಓರಗಿತ್ತಿಯರ ಧ್ವನಿ ಒಂದೇ ಥರ. ಪಾಪ, ಅತ್ತೆ ಅದೆಷ್ಟೋ ವಾರ ಗೊತ್ತಿಲ್ಲದೆ, ಮನೆ ಒಡೆಯುವವಳಿಗೇ “ನಿನಗೆ ಒಳ್ಳೇದಾಗ್ಲಿ ತಾಯಿ” ಎಂದು ಹರಸಿದ್ದರು!

ಕಣ್ಣಿನ ಡಾಕ್ಟರು ಎರಡು ಮಾತು ಹೇಳಿದರು. ಹೋದದ್ದು ಮರಳಿ ಬರುವುದಿಲ್ಲ, ಆದರೆ ದೊಡ್ಡದಾಗಿ ತೋರಿಸಿದರೆ ಅವರಿಗೆ ಮುಖಗಳು ಕಂಡರೂ ಕಾಣಬಹುದು ಎಂಬುದು ಒಂದು. ನೇರ ನೋಡದೆ ಸ್ವಲ್ಪ ಓರೆಯಾಗಿ ನೋಡುವುದನ್ನು ರೂಢಿ ಮಾಡಿಕೊಳ್ಳಲಿ ಎಂಬುದು ಇನ್ನೊಂದು. ಮಾವನಿಗೆ ಮೊದಲನೆಯದು ಹಿಡಿಸಿತು. ಎರಡನೆಯದನ್ನು ಅವರು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಬಿಟ್ಟು ಬಂದರು. “ಓರೆಯಾಗಿ ನೋಡೋದಂತೆ. ಅದನ್ನ ತಪಾಸಣೆ ಅಂತಾರಾ ಯಾರಾದ್ರೂ?” ಎಂದು ನನ್ನನ್ನು ಕೇಳಿದರು. ಅತ್ತೆ ಇನ್ನೊಂದು ಸಲ ಒಂದು ಮುಖವನ್ನಾದರೂ ಸರಿಯಾಗಿ ನೋಡಬೇಕು, ಅದಕ್ಕೆ ತಾವು ದೊಡ್ಡದಾಗಿ ತೋರಿಸಬೇಕು. ಅಂದಿನಿಂದ ಅವರ ತಲೆಯಲ್ಲಿ ಬೇರೇನೂ ಇರಲಿಲ್ಲ.

ಶಿವಾಜಿನಗರದ ಗಲ್ಲಿಯೊಂದರಲ್ಲಿ ಹಳೆಯ ಪ್ರೊಜೆಕ್ಟರುಗಳ ಅಂಗಡಿಯಿದೆ ಎಂದು ಯಾರೋ ಹೇಳಿದರಂತೆ. ಒಂದು ಶನಿವಾರ ಮಾವ ಅಲ್ಲಿಂದ ಬಸ್ಸಿನಲ್ಲಿ ಟಿಫನ್ ಕ್ಯಾರಿಯರಿನಂತೆ ತೊಡೆಯ ಮೇಲಿಟ್ಟುಕೊಂಡು ಒಂದನ್ನು ತಂದೇಬಿಟ್ಟರು. ತಂದವರೇ ನನಗೆ ಫೋನ್ ಮಾಡಿದರು.

“ಪುಟ್ಟಿ, ನಿಮ್ಮ ಆಫೀಸಲ್ಲಿ ಪ್ರೊಜೆಕ್ಟರ್ ಇದೆಯಲ್ವಾ? ಬಂದ್ಬಿಡು ಬೇಗ.”

ನನಗೆ ಓದುವ ಕನ್ನಡಕ ಬಂದು ಎಷ್ಟೋ ಕಾಲವಾಯಿತು, ಅವರಿಗೆ ನಾನಿನ್ನೂ ಪುಟ್ಟಿ. ಇಂದಿರಾನಗರದ ನಮ್ಮ ವಿಮಾ ಕಚೇರಿಯಲ್ಲಿ ಪ್ರೊಜೆಕ್ಟರ್ ಇರುವುದು ನಿಜ. ಆದರೆ ಮೀಟಿಂಗಿನಲ್ಲಿ ನನ್ನ ಪಾಲಿನ ಕೆಲಸ ಸ್ವಿಚ್ಚಿನ ಪಕ್ಕ ಕೂತು ಲೈಟ್ ಆರಿಸುವುದು, ಮುಗಿದ ಮೇಲೆ ಲೈಟ್ ಹಾಕುವುದು. ಇದನ್ನು ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಹೋಗುವಷ್ಟರಲ್ಲಿ ಗೋಡೆಯ ಆಯ್ಕೆ ನಡೆದಿತ್ತು. ಆ ಮನೆಯಲ್ಲಿ ಖಾಲಿಯಾಗಬಲ್ಲ ಗೋಡೆ ಒಂದೇ. ಅಲ್ಲಿ ಹಾರ ಹಾಕಿದ ನಮ್ಮ ಅಜ್ಜಿಯ ದೊಡ್ಡ ಫೋಟೊ ಇತ್ತು. ಮಾವ ಫೋಟೊದ ಮುಂದೆ ನಿಂತು, “ಅಮ್ಮಾ, ನಿನ್ನ ಸೊಸೆಗೋಸ್ಕರ” ಎಂದು ಕೈಮುಗಿದು ಅದನ್ನು ಇಳಿಸಿ, ಅಡುಗೆಮನೆಯ ಬಾಗಿಲ ಪಕ್ಕ ತೂಗು ಹಾಕಿದರು.

“ಇದುವರೆಗೂ ಹಾಲ್‌ನಲ್ಲಿ ಕೂತಾಗ ಮಾತ್ರ ನೋಡ್ತಿದ್ರು. ಇನ್ಮೇಲೆ ನಾನು ಸಾರಿಗೆ ಉಪ್ಪು ಹಾಕೋದನ್ನೂ ನೋಡ್ತಾರೆ” ಎಂದರು ಅತ್ತೆ.

ಟಿವಿಯ ಡಬ್ಬಿಗೆ ಜೋಡಿಸಿ, ಲೈಟ್ ಆರಿಸಿ ಪ್ರೊಜೆಕ್ಟರ್ ಹಾಕಿದೆವು. ಗೋಡೆಯ ಮೇಲೆ ಬೆಳಕು ಬಂತು, ಓರಗಿತ್ತಿಯರೂ ಬಂದರು, ಆದರೆ ತಲೆಕೆಳಗಾಗಿ ಬಂದರು! ಅಂಗಡಿಯವರಿಗೆ ಫೋನ್ ಮಾಡಿದಾಗ ತಿಳಿದದ್ದು ಇಷ್ಟು: ಈ ಯಂತ್ರ ಮೊದಲು ಒಂದು ಛತ್ರದ ಸೂರಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು, ಅದಕ್ಕೆ ಹಾಗೆ ಹೊಂದಿಸಿ ಇಟ್ಟಿದ್ದಾರೆ. “ಮೆನುಗೆ ಹೋಗಿ ಚೇಂಜ್ ಮಾಡಿ ಸಾಬ್, ಏನೂ ಇಲ್ಲ ಅದ್ರಲ್ಲಿ” ಎಂದರು. ಮೆನು ತೆಗೆದೆವು. ಅದು ಚೀನೀಯೋ ಜಪಾನಿಯೋ, ಸೀದಾ ಇದ್ದರೂ ಓದಲು ಬಾರದ ಲಿಪಿ, ಅದೂ ತಲೆಕೆಳಗೆ. ನಾನು ಕತ್ತು ಹೊರಳಿಸಿ ಒಂದು ಗುಂಡಿ ಒತ್ತಿದೆ, ಎಲ್ಲವೂ ಹಸಿರಾಯಿತು. ಮಾವ ಇನ್ನೊಂದು ಒತ್ತಿದರು, ಹಸಿರು ಹೋಗಿ ಓರಗಿತ್ತಿಯರು ಕುಳ್ಳಗಾದರು. ಯಾವ ಗುಂಡಿ ಒತ್ತಿದ್ದರಿಂದ ಏನಾಯಿತು ಎಂಬುದು ನಮ್ಮಿಬ್ಬರಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮಾವ ಚರ್ಚೆಯೇ ಬೇಡವೆಂದು ಯಂತ್ರವನ್ನೇ ಬೋರಲು ಹಾಕಿದರು.

ಚಿತ್ರ ನೆಟ್ಟಗಾಯಿತು. ಆದರೆ ಬೋರಲಾದ ಯಂತ್ರ ಬೆಳಕನ್ನು ಮೇಲಕ್ಕೆ ಬಿಡದೆ ಕೆಳಕ್ಕೆ ಬಿಡತೊಡಗಿತು. ಓರಗಿತ್ತಿಯರ ತಲೆ ಗೋಡೆಯ ಮೇಲೆ, ಸೀರೆ ದಿವಾನದ ಮೇಲೆ, ಕಾಲು ನೆಲದ ಮೇಲೆ. ಸರಿ, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಒಬ್ಬಟ್ಟಿನ ಮಣೆ, ಮಣೆಯ ಮೇಲೆ ಹಳೆಯ ಪಂಚಾಂಗಗಳು, ಅವುಗಳ ಮೇಲೆ ಬೋರಲು ಮಲಗಿದ ಪ್ರೊಜೆಕ್ಟರು. ಈಗ ಚಿತ್ರ ಗೋಡೆಗೆ ಬಂತು. ಆದರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಮೊರದ ಆಕಾರ. ಮಾವ ಒಳಗಿನಿಂದ ರಸಮಟ್ಟ ತಂದರು. ಯಂತ್ರ ಮಟ್ಟಸವಾಗಿದೆಯೇ ನೋಡಿದರು, ಸ್ಟೂಲು ನೋಡಿದರು, ಮೇಜು ನೋಡಿದರು, ಆಮೇಲೆ ಗೋಡೆಗೆ ಹಚ್ಚಿದರು. ಗುಳ್ಳೆ ನಡುವೆ ನಿಲ್ಲಲಿಲ್ಲ. ಮಾವ ಕಂಗಾಲಾಗಿ ನಮ್ಮ ಕಡೆ ತಿರುಗಿದರು.

“ಗೋಡೆನೇ ವಾಲಿದೆಯಲ್ಲೇ.”

“ಮನೆ ಕಟ್ಟಿಸೋವಾಗ ದಿನಾ ರಜೆ ಹಾಕಿ ನಿಂತು ನೋಡಿದ್ದು ನೀವೇ ಅಲ್ವೇನ್ರೀ?” ಎಂದರು ಅತ್ತೆ.

“ಅದಕ್ಕೇ ಕಣೇ ಹೇಳೋದು, ಮಾಡಿಸಿದವನು ನೋಡ್ಬಾರ್ದು ಅಂತ.”

ಗೋಡೆ ಕೆಡವಲು ಆ ಸಂಜೆ ಸಮಯವಿರಲಿಲ್ಲವಾದ್ದರಿಂದ ಫೋಕಸ್ ಹೊಂದಿಸುವ ಕೆಲಸಕ್ಕೆ ಇಳಿದೆವು. ನಿಜವಾದ ಗೊಂದಲ ಶುರುವಾದದ್ದು ಇಲ್ಲಿ. ಪ್ರೊಜೆಕ್ಟರಿಗೆ ಒಂದು ಬಳೆಯಂಥ ತಿರುಗಣೆ ಇದೆ. ತಿರುಗಿಸಿದರೆ ಚಿತ್ರ ಮಸುಕಾಗುತ್ತದೆ, ಮತ್ತೆ ಸ್ಪಷ್ಟವಾಗುತ್ತದೆ. ಅದನ್ನು ತಿರುಗಿಸುವವರು ಮಾವ. ಹಾಗಾದರೆ ನಿಯಮದ ಪ್ರಕಾರ ನೋಡಿ ಹೇಳಬೇಕಾದವರು ಯಾರು? ಅತ್ತೆ! ಮಾವ ಅವರನ್ನು ಗೋಡೆಗೆ ಸರಿ ಎದುರಾಗಿ ಕುರ್ಚಿಯಲ್ಲಿ ಕೂರಿಸಿ, “ನೆಟ್ಟಗೆ ಕೂತ್ಕೋ, ನೇರ ನೋಡು. ಈಗ ಹೇಗಿದೆ?” ಎಂದರು.

“ಮಸುಕು.”

ಮಾವ ತಿರುಗಿಸಿದರು. “ಈಗ?”

“ಮಸುಕು.”

ಚಿತ್ರ ಕನ್ನಡಿಯಂತೆ ಸ್ಪಷ್ಟವಾಗಿ ನಿಂತ ಗಳಿಗೆಯಲ್ಲಿ ನಾನು, “ಮಾವ, ಸರಿ ಇದೆ, ಇಲ್ಲೇ ಬಿಟ್ಬಿಡಿ” ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. “ನೀನು ಹೆಲ್ಪರ್. ನೀನು ಹೇಳಿದ್ರೆ ನಡೆಯಲ್ಲ” ಎಂದು ಇನ್ನೊಂದಷ್ಟು ತಿರುಗಿಸಿದರು. ಓರಗಿತ್ತಿಯರು ಕರಗಿ ರವೆ ಗಂಜಿಯಾದರು. ಅತ್ತೆ ಆಗಲೂ “ಮಸುಕು” ಎಂದರು. ಆ ಮಾತಂತೂ ನಿಜವೇ ಆಗಿತ್ತು.

ಮಸುಕು ಇರುವುದು ಯಂತ್ರದಲ್ಲೋ, ಗೋಡೆಯಲ್ಲೋ, ಅತ್ತೆಯ ಕಣ್ಣಿನಲ್ಲೋ? ಮಾವ ಮೂರನೆಯದನ್ನು ಬಿಟ್ಟು ಬೇರೆಲ್ಲ ಕಡೆ ಹುಡುಕಿದರು. ತಮ್ಮ ಕನ್ನಡಕ ಒರೆಸಿಕೊಂಡರು, ನನ್ನದನ್ನು ಕಿತ್ತುಕೊಂಡು ಒರೆಸಿದರು. ಅಂಗಡಿಯವರಿಗೆ ವಿಡಿಯೊ ಕರೆ ಮಾಡಿ ಫೋನನ್ನು ಗೋಡೆಯತ್ತ ಹಿಡಿದರು. “ಸಾಬ್, ನನಗೂ ಸಾಫ್ ಕಾಣ್ತಿಲ್ಲ” ಎಂದು ಅವರೂ ಹೇಳಿದಾಗ ಮಾವನ ಮುಖ ಅರಳಿತು. “ನೋಡಿದ್ಯಾ ಪುಟ್ಟಿ? ನಿಮ್ಮತ್ತೆ ಸರಿಯಾಗೇ ಹೇಳಿದ್ದು” ಎಂದರು. ನಾನು ಫೋನ್ ತಿರುಗಿಸಿ ನೋಡಿದರೆ ಅದರ ಕ್ಯಾಮೆರಾಕ್ಕೆ ಬೆಳಗಿನ ದೋಸೆಯ ತುಪ್ಪ ಮೆತ್ತಿತ್ತು. ಒರೆಸಿ ಕೊಟ್ಟ ಮೇಲೆ ಅಂಗಡಿಯವರು, “ಹಾಂ ಸಾಬ್, ಈಗ ಏಕ್ದಂ ಸಾಫ್ ಇದೆ” ಎಂದರು. ಮಾವ ತಲೆಯಾಡಿಸಿ ಕರೆ ಮುಗಿಸಿದರು. ಮಾಲು ಮಾರಿದವನೇ ಅದನ್ನು ಪಾಸ್ ಮಾಡಿದರೆ ಆದೀತೇ?

ಎಷ್ಟೋ ಹೊತ್ತು ಹೀಗೆ ನಡೆದ ಮೇಲೆ ಅತ್ತೆ ಇದ್ದಕ್ಕಿದ್ದಂತೆ, “ಹಾಂ, ಈಗ ಸರಿಯಾಯ್ತು ನೋಡಿ. ಪಾಸು” ಎಂದರು. ಮಾವ ತಿರುಗಣೆಯಿಂದ ಕೈ ತೆಗೆದರು. ತೆಗೆದವರು ಸುಮ್ಮನಿರಬಾರದೇ?

“ಯಾರಿದ್ದಾರೆ ಹೇಳು, ಗೋಡೆ ಮೇಲೆ?”

“ಅವಳೇ. ಆ ದೊಡ್ಡ ಸೊಸೆ. ಕೆಂಪು ಸೀರೆ ಉಟ್ಟಿದ್ದಾಳೆ.”

ಆಗ ಜಾಹೀರಾತು ಬರುತ್ತಿತ್ತು. ಗೋಡೆಯ ಮೇಲಿದ್ದದ್ದು ಒಂದು ಕೆಂಪು ಬಕೆಟ್ಟು.

ಮಾವನ ಕಾರ್ಖಾನೆಯಲ್ಲಿ ನೋಡದೆ ಪಾಸ್ ಮಾಡುವುದಕ್ಕಿಂತ ದೊಡ್ಡ ಅಪರಾಧ ಇರಲಿಲ್ಲ. ಆದರೆ ಅವರು ಗದರಲಿಲ್ಲ. ನಿಧಾನವಾಗಿ ಅಡುಗೆಮನೆಯ ಬಾಗಿಲ ಹತ್ತಿರದ ಬೆತ್ತದ ಪೀಠದ ಮೇಲೆ ಕೂತು, “ಅದು ಬಕೆಟ್ಟು ಕಣೇ” ಎಂದರು. “ಹೌದಾ” ಎಂದರು ಅತ್ತೆ. ನನಗೆ ಬಹಳ ಸಂಕಟವಾಯಿತು. ಪಾಪ ಮಾವ ಮಧ್ಯಾಹ್ನದಿಂದ ಏಣಿ ಹತ್ತಿ ಇಳಿದು ಬೆವರಿದ್ದರು. ಅತ್ತೆ ಅದನ್ನು ನೋಡಲಾರದೆ ಒಂದು ಸುಳ್ಳು ಹೇಳಿದ್ದರು.

ಕೊನೆಯದಾಗಿ ಒಂದು ಪ್ರಯತ್ನ ಎಂದು ನಾನು ಮಾವನ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ ಅವರ ಕೈಗೇ ಕೊಟ್ಟೆ. ಓಡಾಡುವ ಚಿತ್ರಕ್ಕಿಂತ ನಿಂತ ಫೋಟೊ ಒಳ್ಳೆಯದೇನೋ, ಅವರ ಮದುವೆಯ ಫೋಟೊ ತೋರಿಸೋಣ ಎಂದುಕೊಂಡೆವು. ಅತ್ತೆಗೆ ಸಾಕಾಗಿತ್ತು. “ನೀವು ಹುಡುಕ್ತಿರಿ, ನಾನು ಕಾಫಿ ಇಡ್ತೀನಿ” ಎಂದು ಎದ್ದರು. ಮಾವ ಫೋಟೊ ಹುಡುಕಲು ಹೋಗಿ ಕ್ಯಾಮೆರಾ ಒತ್ತಿದರು, ಅದೂ ನಮ್ಮ ಮುಖವೇ ನಮಗೆ ಕಾಣುವ ಕ್ಯಾಮೆರಾ. ಅಡುಗೆಮನೆಯ ದೀಪದ ಬೆಳಕು ಅವರ ಮೇಲೆ ಚೆನ್ನಾಗಿ ಬಿದ್ದಿತ್ತು. ಅಜ್ಜಿಯ ಗೋಡೆಯ ತುಂಬ, ಸೂರಿನಿಂದ ನೆಲದವರೆಗೆ, ಮಾವನ ಮುಖ ಬಂದು ನಿಂತಿತು. ಹಣೆ ಅಗಲ, ಗದ್ದ ಕಿರಿದು, ಹಳೆಯ ಮೊಳೆ ಸರಿಯಾಗಿ ಮೂಗಿನ ತುದಿಯಲ್ಲಿ.

ಅಡುಗೆಮನೆಯ ಕಡೆ ಹೊರಟಿದ್ದ ಅತ್ತೆಗೆ ಗೋಡೆ ಈಗ ಪಕ್ಕಕ್ಕೆ, ಕಣ್ಣಂಚಿಗೆ ಬಂದಿತ್ತು. ಅವರು ಅದರತ್ತ ತಿರುಗಿರಲೂ ಇಲ್ಲ. ಹಾಗೇ, ಒಂದು ಕೈ ಕುರ್ಚಿಯ ಬೆನ್ನಿನ ಮೇಲಿಟ್ಟುಕೊಂಡು ನಿಂತುಬಿಟ್ಟರು.

“ರೀ. ಮೀಸೆ ಎಲ್ಲಿ?”

ಮಾವ ತಲೆ ಎತ್ತಿದರು. ಗೋಡೆಯ ಮೇಲಿನ ಮಾವನೂ ಎತ್ತಿದರು.

“ಯಾವಾಗ ತೆಗೆದ್ರಿ?”

“ಹೋದ ವರ್ಷ ಕಣೇ. ತುಟಿ ಊದಿಕೊಂಡಿತ್ತಲ್ಲ, ಆವಾಗ” ಎಂದರು ಮಾವ. “ತೆಗೆದು ಬಂದು ನಿನ್ನ ಮುಂದೇನೇ ನಿಂತೆ. ಹೇಗಿದೆ ಅಂತ ಕೇಳ್ದೆ. ನೀನು ಸರಿಯಾಗಿದೆ, ಪಾಸು ಅಂದೆ.”

“ದಿನಾ ಅನ್ನೋ ಹಾಗೆ ಅಂದೆ” ಎಂದರು ಅತ್ತೆ.

ಅವರು ಕತ್ತು ಅಲುಗಿಸಲಿಲ್ಲ. ಡಾಕ್ಟರು ಹೇಳಿದ್ದ ಹಾಗೆ, ಮಾವ ಮಧ್ಯಾಹ್ನವಿಡೀ ಬೇಡವೆಂದ ಹಾಗೆ, ಓರೆಯಾಗಿ ನಿಂತು ಆ ವಾಲಿದ ಮುಖವನ್ನು ಕೆನ್ನೆಯಿಂದ ಕೆನ್ನೆಗೆ ನೋಡಿದರು.

“ಎಷ್ಟು ಇಳಿದುಹೋಗಿದೀರಿ. ಮೀಸೆ ಇಲ್ಲದೆ ಥೇಟ್ ನಿಮ್ಮಮ್ಮನ ಹಾಗೇ ಇದೀರಿ” ಎಂದು ಸ್ವಲ್ಪ ತಡೆದು, “ಎಡಗಡೆ ಕಿವಿ ಕೆಳಗೆ ಬಿಟ್ಟಿದೀರಿ. ರಿಜೆಕ್ಟು” ಎಂದರು.

ಮಾವನ ಕೈ ತಾನಾಗಿ ಕಿವಿಯ ಕೆಳಗೆ ಹೋಯಿತು. ಗೋಡೆಯ ಮೇಲೂ ಆ ದೊಡ್ಡ ಕೈ ಎದ್ದು ಕಿವಿಯ ಕೆಳಗೆ ಹೋಯಿತು. ಆದರೆ ಅವರು ಈ ಸಲ ಬಚ್ಚಲಿಗೆ ಹೋಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲುಗಾಡದೆ ಕೂತರು. ಅವರ ತುಟಿ ನಡುಗುತ್ತಿದ್ದುದು ಗೋಡೆಯ ಮೇಲೆ ಮುಚ್ಚಿಡಲಾರದಷ್ಟು ದೊಡ್ಡದಾಗಿ ಕಾಣುತ್ತಿತ್ತು. ನನಗೆ ನೋಡಲಾಗಲಿಲ್ಲ. ಎಲ್ಲ ಮುಗಿಯಿತಲ್ಲ, ಇನ್ನು ನನ್ನ ಪಾಲಿನ ಕೆಲಸ ಮಾಡೋಣ ಎಂದು ಸ್ವಿಚ್ಚಿನ ಕಡೆ ಕೈ ಚಾಚಿದೆ.

“ಲೈಟ್ ಹಾಕ್ಬೇಡ ಕಣೆ,” ಎಂದರು ಅತ್ತೆ. “ನಾನಿನ್ನೂ ನೋಡ್ತಾ ಇದೀನಿ.”