ಇಂಚಿಗೆ ಹನ್ನೆರಡು ಹೊಲಿಗೆ

ನನ್ನ ಕಂದು ಕೋಟಿನ ಮೇಲೆ ನನ್ನ ಮಗಳು ರೋಸಲಿಂಡಳಿಗೆ ಏಳು ಜನ್ಮದ ಹಗೆ. ಕೋಟು ಅವಳಿಗೇನೂ ಮಾಡಿರಲಿಲ್ಲ. ಮೂವತ್ತೊಂಬತ್ತು ವರ್ಷ ನನ್ನನ್ನು ಇಂಗ್ಲೆಂಡಿನ ವೇಕ್‌ಫೀಲ್ಡ್ ಊರಿನ ಚಳಿಯಿಂದ ಕಾಪಾಡಿದ್ದೇ ಅದರ ಅಪರಾಧ. ಕೋಟಿನ ಕಾರ್ಖಾನೆಯಲ್ಲಿ ನಾನು ತಪಾಸಣೆಯ ಮೇಜಿನ ಮುಂದೆ ನಿಲ್ಲುತ್ತಿದ್ದ ಕಾಲದಲ್ಲಿ, ಮಿಕ್ಕ ಬಟ್ಟೆ ಜೋಡಿಸಿಕೊಂಡು, ಊಟದ ಬಿಡುವಿನಲ್ಲಿ ಕೂತು ನನ್ನ ಕೈಯಾರೆ ಹೊಲಿದ ಕೋಟು ಅದು. ಆಕಾರ ಕೆಡುತ್ತದೆಂದು ಅದರ ಜೇಬಿನಲ್ಲಿ ಒಂದು ಕರವಸ್ತ್ರವನ್ನೂ ಇಟ್ಟವಳಲ್ಲ. "ಇದು ನಮ್ಮಿಬ್ಬರಿಗಿಂತ ಹೆಚ್ಚು ದಿನ ಇರುತ್ತೆ" ಎಂದು ನನ್ನ ಗಂಡ ಕ್ಲಿಫರ್ಡ್ ಹೇಳುತ್ತಿದ್ದರು. ಅವರ ಮಟ್ಟಿಗೆ ಆ ಮಾತು ನಿಜವಾಗಿ ಆರು ವರ್ಷವಾಯಿತು.

ಮೊಮ್ಮಗಳು ಟ್ಯಾಮ್ಸಿನಳ ಮದುವೆ ಶನಿವಾರ. ಮಂಗಳವಾರ ರೋಸಲಿಂಡ್ ಬಂದು, ಆ ಕೋಟು ಮದುವೆಗೆ ಬರುವುದಾದರೆ ತಾನು ಬರುವುದಿಲ್ಲ ಎಂದಳು. ವಧುವಿನ ತಾಯಿ ಮತ್ತು ವಧುವಿನ ಅಜ್ಜಿಯ ಕೋಟು, ಈ ಎರಡರಲ್ಲಿ ಒಂದನ್ನು ಆರಿಸಬೇಕೆಂದಾಗ ನಾನು ಕೊಂಚ ಹೊತ್ತು ಯೋಚಿಸಿದ್ದು ಅವಳಿಗೆ ಇಷ್ಟವಾಗಲಿಲ್ಲ. ಕಡೆಗೆ ಎರಡು ರಾಷ್ಟ್ರಗಳ ನಡುವೆ ಆಗುವಂಥ ಒಪ್ಪಂದವಾಯಿತು: ಪೇಟೆಯ ದೊಡ್ಡ ಬೀದಿಯ ಹೆಸರುವಾಸಿ ಅಂಗಡಿಗಳನ್ನು ನೋಡುವುದು. ನನ್ನ ತಪಾಸಣೆಯಲ್ಲಿ ಒಂದೇ ಒಂದು ಕೋಟು ಪಾಸಾದರೂ ಹಳೆಯದು ದಾನದ ಅಂಗಡಿಗೆ. ಯಾವುದೂ ಪಾಸಾಗದಿದ್ದರೆ ಅವಳು ಇನ್ನು ನನ್ನ ಕೋಟಿನ ಸುದ್ದಿ ಎತ್ತುವಂತಿಲ್ಲ.

"ನ್ಯಾಯವಾಗಿ ನೋಡ್ಬೇಕು ಅಮ್ಮ. ಬೇಕೂಂತ ತಪ್ಪು ಹುಡುಕೋ ಹಾಗಿಲ್ಲ."

"ಮೂವತ್ತೊಂದು ವರ್ಷ ಸಂಬಳ ತಗೊಂಡಿದ್ದೇ ಬೇಕೂಂತ ತಪ್ಪು ಹುಡುಕೋದಕ್ಕೆ ಕಣೇ," ಎಂದೆ.

ಮೊದಲ ಅಂಗಡಿಗೆ ಬಾಗಿಲೇ ಇರಲಿಲ್ಲ. ಒಳಗೆ ಗವಿಯಂಥ ಕತ್ತಲು, ಎದೆ ನಡುಗಿಸುವ ಸಂಗೀತ, ಮೂಗಿಗೆ ಬಡಿಯುವ ಪರಿಮಳ. ಮಾಲು ಚೆನ್ನಾಗಿದ್ದರೆ ಕಣ್ಣು, ಕಿವಿ, ಮೂಗು ಮೂರನ್ನೂ ಒಟ್ಟಿಗೆ ಮುಚ್ಚಿಸುವ ಅಗತ್ಯವೇನು? ನಾನು ಒಂದು ಕೋಟನ್ನು ಬೆಳಕಿನಲ್ಲಿ ನೋಡಲು ಬೀದಿಯವರೆಗೆ ತಂದೆ. ಕಾವಲುಗಾರ ಬೆನ್ನ ಹಿಂದೆಯೇ ಬಂದ. ಇಂಚಿಗೆ ಏಳೇ ಹೊಲಿಗೆ ಎಂದು ಅವನಿಗೇ ಎಣಿಸಿ ತೋರಿಸಿದೆ. ಜೇಬಿಗೆ ಮುಚ್ಚಳವಿತ್ತು, ಅದರಡಿ ಜೇಬಿರಲಿಲ್ಲ. ಬಾಗಿಲು ನಿಲ್ಲಿಸಿ ಮನೆ ಕಟ್ಟದೆ ಬಿಟ್ಟ ಹಾಗೆ. ಆ ಪುಣ್ಯಾತ್ಮ ತನ್ನ ಸಮವಸ್ತ್ರದ ಮುಚ್ಚಳ ಎತ್ತಿ ನೋಡಿಕೊಂಡ. ಅಲ್ಲಿಯೂ ಇರಲಿಲ್ಲ. ನಾವು ಹೊರಡುವಾಗ ಅವನ ಮುಖ ನೋಡುವ ಹಾಗಿರಲಿಲ್ಲ.

ಎರಡನೆಯ ಅಂಗಡಿಯಲ್ಲಿ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ರೋಸಲಿಂಡ್ ಹುಟ್ಟಿದಂದಿನಿಂದ ನನ್ನ ಬಟ್ಟೆಯ ಅಳತೆಯ ನಂಬರು ಹದಿನಾರು. ಇಲ್ಲಿ ಹನ್ನೆರಡರ ಕೋಟು ಸಲೀಸಾಗಿ ಹಿಡಿಸಿತು. ಇಷ್ಟು ತೆಳ್ಳಗಾಗಿದ್ದೀಯ, ಸಂತೋಷಪಡು ಎಂದಳು ಮಗಳು. (ಯಾರಾದರೂ ಕಾರಣವಿಲ್ಲದೆ ನನ್ನನ್ನು ಸಂತೋಷಪಡಿಸಿದರೆ ನಾನು ಮೊದಲು ಕೈಚೀಲ ಮುಟ್ಟಿ ನೋಡಿಕೊಳ್ಳುತ್ತೇನೆ.) ಕೈಚೀಲದಿಂದ ಟೇಪು ತೆಗೆದು ಅಳೆದೆ. ಸೊಂಟದ ಸುತ್ತಳತೆ ನಮ್ಮ ಕಾರ್ಖಾನೆಯ ಹದಿನಾರಕ್ಕೆ ಕಾಲಿಂಚೂ ಹೆಚ್ಚುಕಡಿಮೆ ಇರಲಿಲ್ಲ. ತೆಳ್ಳಗಾದದ್ದು ನಾನಲ್ಲ, ಅಂಕಿ. ಅದೇ ಅಂಗಡಿಯಲ್ಲಿ ಹತ್ತರ ಅಳತೆಯ ಲಂಗಗಳನ್ನು ಮೂರು ಕೊಂಡು ಊರೆಲ್ಲ ಹೇಳಿಕೊಂಡಿದ್ದ ರೋಸಲಿಂಡ್ ಗಡಿಯಾರ ನೋಡಿಕೊಂಡಳು. ಕಾರು ನಿಲ್ಲಿಸಿದ ಹೊತ್ತು ಮುಗಿಯುತ್ತ ಬಂತು, ಬೇರೆ ಕಡೆ ನಿಲ್ಲಿಸಿ ಬರುತ್ತೇನೆ, ಮೂರನೆಯದಕ್ಕೆ ನೀನೇ ಹೋಗಿರು ಎಂದು ಹೊರಟಳು.

ಮೂರನೆಯದು ನನ್ನಂಥವರಿಗೆಂದೇ ಇದ್ದ ಅಂಗಡಿ. ನೆಲಕ್ಕೆ ಜಮಖಾನ, ಗೋಡೆಯುದ್ದಕ್ಕೂ ಕುರ್ಚಿಗಳು, ಅವುಗಳಲ್ಲಿ ಹೆಂಡತಿಯರು ಒಪ್ಪಿಸಿಹೋದ ಗಂಡಂದಿರು. ನಾನು ನನ್ನ ಕೋಟನ್ನು ಬಟ್ಟೆ ಹಾಕಿ ನೋಡುವ ಕೋಣೆಯ ಹೊರಗಿನ ಕೊಕ್ಕೆಗೆ ತೂಗುಹಾಕಿ, ನೇರಳೆ ಬಣ್ಣದ ಕೋಟೊಂದನ್ನು ಒಳಗೆ ಒಯ್ದೆ. ಮೊದಲು ಕನ್ನಡಿಯನ್ನು ಪರೀಕ್ಷಿಸಿದೆ. ಅದರ ಬುಡ ಗೋಡೆಯಿಂದ ಎರಡು ಬೆರಳು ಮುಂದಿತ್ತು. ಹಾಗೆ ವಾಲಿಸಿದರೆ ಗಿಡ್ಡವರು ಉದ್ದವಾಗುತ್ತಾರೆ. ಕೋಟಿನ ತೋಳಿನ ಅಸ್ತರು ಚಿಕ್ಕದು. ಬೆನ್ನಿನ ಸುಕ್ಕನ್ನು ಇಸ್ತ್ರಿ ಒತ್ತಿ ಅಡಗಿಸಿದ್ದರು. ಎರಡನೆಯ ಗುಂಡಿ ಒಂದೇ ನೂಲಿನ ನಂಬಿಕೆಯ ಮೇಲೆ ನಿಂತಿತ್ತು. ಫೇಲು. ಗೆದ್ದೆನೆಂದು ಹೊರಗೆ ಬಂದರೆ ಕೊಕ್ಕೆ ಖಾಲಿ.

ಅಲ್ಲಿನ ಹುಡುಗಿ ಬಹಳ ಅಚ್ಚುಕಟ್ಟು. ಬೇಡವೆಂದು ಬಿಟ್ಟ ಬಟ್ಟೆಗಳನ್ನೆಲ್ಲ ಆಗಾಗ ಎತ್ತಿ ಮಾರಾಟದ ಸಾಲಿಗೆ ಸೇರಿಸುವುದು ಅವಳ ಕೆಲಸ. ನನ್ನ ಕೋಟನ್ನೂ ಸೇರಿಸಿದ್ದಳು. ಅಷ್ಟರಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಅದನ್ನು ತೋಳಿನ ಮೇಲೆ ಹಾಕಿಕೊಂಡು, ಹಣ ಕಟ್ಟುವವರ ಸಾಲಿನ ಕೊನೆಯಲ್ಲಿ ನಿಂತಿದ್ದರು. ಅವರ ಮುಂದೆ ಐದು ಜನ.

ನೀವಾದರೆ ಏನು ಮಾಡುತ್ತಿದ್ದಿರೋ ನನಗೆ ಗೊತ್ತಿಲ್ಲ. ಪರಿಚಯವಿಲ್ಲದವರ ಭುಜ ತಟ್ಟಿ "ಅದು ನನ್ನದು" ಎಂದರೆ ಕಳ್ಳಿ ಎಂದ ಹಾಗಾಗುತ್ತದೆ. ಸಾಲು ತಪ್ಪಿಸಿ ಮುಂದೆ ಹೋಗುವುದನ್ನು ನಮ್ಮ ತಾಯಿ ನಮಗೆ ಕಲಿಸಿಲ್ಲ. ಯಾರ್ಕ್‌ಷೈರಿನಲ್ಲಿ ಯಾರ ತಾಯಿಯೂ ಕಲಿಸಿಲ್ಲ. ಹಾಗಾಗಿ ನಾನು ನೇರಳೆ ಕೋಟನ್ನು ಹಿಡಿದುಕೊಂಡು ಅವರ ಹಿಂದೆ ನಿಂತೆ. ನನ್ನ ಸರದಿ ಬಂದಾಗ ಮೇಜಿನ ಹುಡುಗಿಗೆ ಮೆಲ್ಲನೆ ಹೇಳುವುದು ಎಂದು ನಿಶ್ಚಯಿಸಿದೆ. ನನ್ನ ಸರದಿ ಅವರ ಸರದಿಯ ನಂತರ ಬರುತ್ತದೆ ಎಂಬ ಸಣ್ಣ ವಿಷಯ ಹೊಳೆದದ್ದು ಮೂರು ಜನ ಮುಗಿದ ಮೇಲೆ.

ಆಗ ಅವರೇ ತಿರುಗಿದರು.

"ಚಿನ್ನಾ, ನೀವು ಬಟ್ಟೆ ಬಲ್ಲವರ ಥರ ಕಾಣ್ತೀರಿ. ಇದು ಬಾಳಿಕೆ ಬರುತ್ತಾ?"

ದೇವರೇ ತೆರೆದ ಬಾಗಿಲು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಆದರೆ ಅವರು ಕಾಲರನ್ನು ಮಗುಚಿ ನನ್ನ ಕಣ್ಣ ಮುಂದೆ ಹಿಡಿದಿದ್ದರು. ಹೊಲಿಗೆ ತೋರಿಸಿ ಪ್ರಶ್ನೆ ಕೇಳಿದರೆ ಹೊಲಿಗೆಯ ಬಗ್ಗೆಯೇ ಉತ್ತರ ಬರುತ್ತದೆ. ಅದು ಹಳೆಯ ಚಾಳಿ.

"ಇಂಚಿಗೆ ಹನ್ನೆರಡು ಹೊಲಿಗೆ," ಎಂದೆ. "ಕಾಲರಿನ ಒಳಗಿನ ದಪ್ಪ ಬಟ್ಟೆ ಅಂಟಿಸಿದ್ದಲ್ಲ, ಕೈಯಲ್ಲೇ ಹೊಲಿದಿದ್ದು. ಗುಂಡಿ ಎಳೆದ್ರೆ ಬಟ್ಟೆ ಬರುತ್ತೆ, ಗುಂಡಿ ಬರಲ್ಲ. ಈ ಬೀದೀಲಿ ಇಂಥದ್ದು ಇನ್ನೊಂದಿಲ್ಲ."

ಕುರ್ಚಿಯಲ್ಲಿದ್ದ ಗಂಡನೊಬ್ಬ ಎದ್ದು ಬಂದು ಮುಟ್ಟಿ ನೋಡಿದ. ಸಾಲಿನವರೆಲ್ಲ ತಲೆದೂಗಿದರು. ಮೂವತ್ತೊಂಬತ್ತು ವರ್ಷದಲ್ಲಿ ನನ್ನ ಕೋಟಿಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನಾನು ಒಳಜೇಬಿನ ಅಂಚನ್ನೂ ತೋರಿಸಿದೆ.

ಮೇಜಿನ ಹತ್ತಿರ ಬೆಲೆಚೀಟಿ ಇಲ್ಲದ್ದು ಕಂಡು ಮೇಲ್ವಿಚಾರಕಿಯನ್ನು ಕರೆಸಿದರು. ಆಕೆ ಕೋಟನ್ನು ತಿರುಗಿಸಿ ಮುರುಗಿಸಿ, ಇದು ಹಳೆಯ ದಾಸ್ತಾನು, ಈಗ ಹೀಗೆ ಎಲ್ಲಿ ಮಾಡುತ್ತಾರೆ ಎಂದು ನಿಟ್ಟುಸಿರಿಟ್ಟು, ನಲವತ್ತು ಪೌಂಡು ಎಂದರು. ನಾನು "ಕ್ಷಮಿಸಿ" ಎಂದೆ. ದಾರಿಗೆ ಅಡ್ಡ ನಿಂತಿದ್ದೇನೆಂದು ತಿಳಿದು ಆ ಹೆಂಗಸು "ಕ್ಷಮಿಸಿ" ಎಂದು ಸರಿದರು. ತಡವಾಯಿತೆಂದು ಮೇಲ್ವಿಚಾರಕಿ "ಕ್ಷಮಿಸಿ" ಎಂದರು. ಮೂರು ಕ್ಷಮೆಗಳಾದ ಮೇಲೆ ನಮ್ಮಲ್ಲಿ ಯಾವ ವಿಷಯವನ್ನೂ ಎತ್ತುವುದು ಕಷ್ಟ. ಆದರೂ ಎತ್ತುತ್ತಿದ್ದೆನೇನೋ. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

"ನಮ್ಮೆಜಮಾನ್ರು ಹೋದ್ಮೇಲೆ ಕನ್ನಡೀಲಿ ಇರೋದು ನಾನೇ ಅಂತ ಗುರುತು ಸಿಕ್ಕಿದ್ದು ಇವತ್ತೇ ಚಿನ್ನಾ."

ಆ ಅಂಗಡಿಯ ಕನ್ನಡಿಗಳು ಎರಡು ಬೆರಳು ವಾಲಿವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೋಟು ಚೀಲದಲ್ಲಿ ಕೂತು ಹೊರಟುಹೋಯಿತು. "ಮುಂದಿನವರು," ಎಂದಳು ಹುಡುಗಿ. ಹೊರಗೆ ಹಿಮ ಬೆರೆತ ಮಳೆ. ಮೈಮೇಲೆ ಕೋಟಿಲ್ಲ, ಕೈಯಲ್ಲಿ ನೇರಳೆಯದೊಂದಿದೆ. ಹಣ ಕೊಟ್ಟು ಹಾಕಿಕೊಂಡೇ ಹೊರಬಂದೆ.

ರೋಸಲಿಂಡ್ ಎದುರಿಗೆ ಬಂದು ಹೆಜ್ಜೆ ನಿಲ್ಲಿಸಿದಳು. ಹಳೆಯದು ಎಲ್ಲಿ ಎಂದಳು. ಹೋಯಿತು ಎಂದೆ. ದಾನಕ್ಕೋ ಎಂದಳು. ಹಾಗೇ ಅಂದುಕೋ ಎಂದೆ. ಅವಳು ನಡುಬೀದಿಯಲ್ಲಿ ನನ್ನನ್ನು ಅಪ್ಪಿಕೊಂಡಳು. ನಮ್ಮ ಮನೆತನದಲ್ಲಿ ಹಾಗೆ ಮಾಡುವ ಪದ್ಧತಿಯೇ ಇಲ್ಲ.

ಶನಿವಾರ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಎಲ್ಲರೂ ನಿಂತಿದ್ದೆವು. ವರನ ಅಜ್ಜಿ ಪಾಂಟಿಫ್ರಾಕ್ಟ್ ಊರಿನವರು, ಅಲ್ಲಿಯವರೆಗೆ ಅವರನ್ನು ನಾವು ಯಾರೂ ಕಂಡಿರಲಿಲ್ಲ. ಕಾರಿನ ಬಾಗಿಲು ತೆರೆಯಿತು. ಮೊದಲು ಇಳಿದದ್ದು ನನ್ನ ಕೋಟು, ಅದರೊಳಗೆ ಅಂಗಡಿಯ ಸಾಲಿನ ಆ ಹೆಂಗಸು. ಎದೆಗೊಂದು ಬೆಳ್ಳಿಯ ಪಿನ್ನು ಸಿಕ್ಕಿಸಿದ್ದರು, ಗುಂಡಿಗಳಿಗೆ ಮೆರುಗು ಕೊಟ್ಟಿದ್ದರು. ಅವರು ನೇರವಾಗಿ ನನ್ನ ಬಳಿಗೇ ಬಂದು, ಈ ಕೋಟನ್ನು ಆರಿಸಿಕೊಟ್ಟದ್ದು ಇವರೇ ಎಂದು ಬೀಗರಿಗೆಲ್ಲ ಸಾರಿದರು. ಎಲ್ಲರೂ ಕೋಟನ್ನು ಹೊಗಳಿದರು. ಇಬ್ಬರು ಅಜ್ಜಿಯರನ್ನೂ ಒಟ್ಟಿಗೆ ನಿಲ್ಲಿಸಿ ಫೋಟೋ ತೆಗೆದರು.

ರೋಸಲಿಂಡ್ ಆ ಕೋಟಿನ ಸುತ್ತ ಒಂದು ಸುತ್ತು ಬಂದಳು. ತೋಳನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನ ಕಿವಿಗೆ ಬಗ್ಗಿದಳು.

"ನೋಡಮ್ಮ, ಕೋಟು ಅಂದ್ರೆ ಅದು. ಎಷ್ಟು ವರ್ಷದಿಂದ ಬಡ್ಕೋತಿದೀನಿ, ಅಂಥದ್ದೊಂದು ತಗೋ ಅಂತ. ಅಂಥದ್ದನ್ನ ಅವರಿಗೆ ಆರಿಸಿಕೊಟ್ಟು, ನೀನು ಹೋಗಿ ಹೋಗಿ ಇದನ್ನ ತಗೊಂಡ್ಯಲ್ಲ."

ನಾನಾಗಲೇ ಬಗ್ಗಿ ಮೆಟ್ಟಿಲ ಮೇಲೆ ಹುಡುಕುತ್ತಿದ್ದೆ. ಫೋಟೋಗೆಂದು ಎದೆಯುಬ್ಬಿಸಿ ನಿಂತಾಗ ನನ್ನ ನೇರಳೆ ಕೋಟಿನ ಎರಡನೆಯ ಗುಂಡಿ ಹಾರಿಹೋಗಿತ್ತು.