ಒಂದು ನಾಯಿ ಸಾಕು

ಕರಡಪ್ಪನ ಕಷ್ಟಕ್ಕೆಲ್ಲ ಮೂಲ ಒಂದೇ ಒಂದು ಮಾತು. ಆತ ಮುದ್ರಣಾಲಯದಲ್ಲಿ ಕರಡು ತಿದ್ದುವವನು; ಕೇರಿಯವರು ಇಟ್ಟ ಹೆಸರು ಅದು. ಬೇರೆಯವರ ದೀರ್ಘ, ಒತ್ತುಗಳ ತಪ್ಪನ್ನು ಹೇನು ಹೆಕ್ಕಿದಂತೆ ಹೆಕ್ಕುವನು. ಬಾಡಿಗೆಗೆ ಈ ಮನೆ ಹಿಡಿದ ದಿನ ದೂರದೂರಿನ ಮುದುಕ ಮಾಲೀಕರು ಬೀಗದ ಕೈ ಕೊಟ್ಟು, "ಒಂದು ನಾಯಿ ಸಾಕು ಕಣಯ್ಯ" ಎಂದು ಹೇಳಿ ಬಸ್ಸು ಹತ್ತಿದ್ದರು. ಕರಡಪ್ಪನ ಚೀಲದಲ್ಲಿ ಆಗ ಒಂದು ಮರಿ ಅಡಗಿತ್ತು. ಮುದುಕನದು ಹದ್ದಿನ ಕಣ್ಣು, ಕಂಡುಬಿಟ್ಟಿದೆ, ಇನ್ನೊಂದು ತರಬೇಡ ಎನ್ನುತ್ತಿದ್ದಾನೆ ಎಂದುಕೊಂಡ. ಗಂಡ ಹೆಂಡತಿ ಆ ಮಾತನ್ನೇ ಆಡಿ ಆಡಿ ಮರಿಗೆ 'ಸಾಕು' ಎಂಬುದೇ ಹೆಸರಾಯಿತು.

ಮರುವರ್ಷ ಕರಡಪ್ಪನ ತಾಯಿ ತೀರಿಕೊಂಡರು. ಮನೆ ಬಿಕೋ ಎನ್ನುತ್ತಿದ್ದಾಗ, ಆಕೆ ಕೂರುತ್ತಿದ್ದ ಮೆಟ್ಟಿಲ ಮೇಲೆ ಎಲ್ಲಿಂದಲೋ ಇನ್ನೊಂದು ಮರಿ ಬಂದು ಕೂತಿತು. "ಬೇಡ, ಬೇಡ, ಮಾಲೀಕರು ಮನೆ ಬಿಡಿಸ್ತಾರೆ" ಎನ್ನುತ್ತಲೇ ಹೆಂಡತಿ ಹಾಲು ಹಾಕಿದಳು. ಹಾಲಿನ ಜೊತೆ ಬಂದ ಮಾತಲ್ಲವೇ? ತನ್ನ ಹೆಸರು 'ಬೇಡ' ಎಂದೇ ಅದು ನಂಬಿತು. ಕೊಡುವವನು ಭಗವಂತ, ನಾವು ಬೇಡವೆಂದರೆ ಕೇಳುತ್ತಾನೆಯೇ?

ಅಂದಿನಿಂದ ಆ ಮನೆಯಲ್ಲಿ ನಾಯಿಗಳನ್ನು ಗದರಿಸುವ ದಾರಿಯೇ ಮುಚ್ಚಿಹೋಯಿತು. ಸಾಕು ಒಂದು ಚಪ್ಪಲಿ ಕಚ್ಚಿದಾಗ "ಬೇಡ!" ಎಂದರೆ ಬೇಡ ಓಡಿಬಂದು ಇನ್ನೊಂದನ್ನು ಕಚ್ಚುವುದು. "ಸಾಕು!" ಎಂದು ಅರಚಿದರೆ ಸಾಕು, ಕರೆದಿರಾ ಎಂಬಂತೆ ತೊಡೆಯೇರುವುದು.

ಒಂದು ಭಾನುವಾರ ಎದುರುಮನೆಯ ಟಾಂಟಾಂ ಅಜ್ಜಿ ಕಿಟಕಿಯಿಂದಲೇ ಸಾರಿದಳು: "ಲೋ ಕರಡಪ್ಪ, ನಿನ್ನ ಮಾಲೀಕ ಬರ್ತಾ ಇದಾನೆ! ಕೈಲಿ ಮುಚ್ಚಿದ ಬುಟ್ಟಿ. ಹೊಸ ಬೀಗ ಇರಬೇಕು, ನೋಡ್ಕೋ!"

ಕರಡಪ್ಪ ಹೆಂಡತಿಯ ಕಡೆ ತಿರುಗಿದ. "ಬೇಗ ಎರಡನೇದನ್ನ ಅಡಗಿಸು!"

"ಅಡಗಿಸ್ತೀನಿ. ಆದರೆ ಅದನ್ನ ಬಿಡು ಅಂದ್ರೆ ನಾನು ಬಿಡೋಳಲ್ಲ. ಬೇಕಾದ್ರೆ ನಿಮ್ಮನ್ನ ಬಿಡ್ತೀನಿ" ಎಂದಳು ಹೆಂಡತಿ.

ಬೇಡ ಬಚ್ಚಲು ಸೇರಿತು. ಆ ಬಾಗಿಲ ಚಿಲಕ ಕರಡಪ್ಪನ ಧೈರ್ಯದಂತೆ, ಇದ್ದೂ ಇಲ್ಲದ್ದು; ಅದಕ್ಕೇ ದಾರ ಕಟ್ಟಿದ.

ಮಾಲೀಕರು ಬಂದು ಬುಟ್ಟಿಯನ್ನು ಕುರ್ಚಿಯ ಕೆಳಗಿಟ್ಟು ಕೂತರು. ಹೆಂಡತಿ ಚಹಾ ತಂದಳು. "ಸಕ್ಕರೆ?"

"ಒಂದು ಚಮಚ ಸಾಕು."

ಸಾಕು ನೆಗೆದು ಬಂದು ಅವರ ಮಂಡಿಯ ಮೇಲೆ ಕಾಲೂರಿತು. "ಭಲೇ, ಒಳ್ಳೇ ನಾಯಿ" ಎಂದು ಅವರು ತಲೆ ಸವರಿದರು. ಕರಡಪ್ಪ ನಿಟ್ಟುಸಿರುಬಿಟ್ಟ. ಅಷ್ಟರಲ್ಲಿ ಹೆಂಡತಿ ಬಿಸ್ಕತ್ತಿನ ತಟ್ಟೆ ಎತ್ತಿದಳು. ಬಿಸ್ಕತ್ತು ನೀಡಿದರೆ ದೊಡ್ಡ ಮನುಷ್ಯರು ಮೊದಲು ಏನನ್ನುತ್ತಾರೆ? ಕರಡಪ್ಪ ಧಾವಿಸಿದ. ತಟ್ಟೆಗೆ ಕೈಹಾಕಿ ಕಿರುಚಿದ:

"ಅವರಿಗೆ ಕೊಡಬೇಡ!"

ಬಚ್ಚಲಲ್ಲಿ ಬಕೆಟ್ಟು ಉರುಳಿತು. ದಾರ ಹರಿಯಿತು. ಮೈತುಂಬ ಸೋಪಿನ ನೊರೆ ಹೊತ್ತು ಬೇಡ ಮದುವಣಿಗನಂತೆ ಹೊರಗೆ ಬಂತು. "ಬೇಡ! ಬೇಡ!" ಎಂದು ಗಂಡ ಹೆಂಡತಿ ಕೂಗಿದಷ್ಟೂ ಅದಕ್ಕೆ ಹಿಗ್ಗು. ಒಂದೇ ನೆಗೆತಕ್ಕೆ ಚಹಾ ಮಾಲೀಕರ ಅಂಗಿಯ ಮೇಲೆ, ನೊರೆ ಅವರ ಮೀಸೆಯ ಮೇಲೆ.

ಕರಡಪ್ಪ ಕೈಮುಗಿದು ನಿಂತ. "ತಪ್ಪಾಯ್ತು ಯಜಮಾನ್ರೇ. ಒಂದು ನಾಯಿ ಸಾಕು ಅಂದಿದ್ರಿ. ಎರಡಾಗಿದೆ. ಇದು ನಮ್ಮಮ್ಮ ಹೋದ ಮೇಲೆ ಅವಳ ಜಾಗದಲ್ಲಿ ಬಂದು ಕೂತದ್ದು. ಹೊರಗೆ ಹಾಕೋದಾದ್ರೆ ನಮ್ಮನ್ನೂ ಜೊತೇಲೇ ಹಾಕಿ."

ಮಾಲೀಕರು ನೊರೆ ಒರೆಸಿಕೊಂಡು ಅವನನ್ನೇ ದಿಟ್ಟಿಸಿದರು. "ಎಲಾ ಇವನ! ಕೇರೀಲಿ ಕಳ್ಳರ ಕಾಟ, ಒಂದು ನಾಯೀನ ಸಾಕ್ಕೋ ಅಂತ ನಾನು ಹೇಳಿದ್ದು! ಅಕ್ಷರ ತಿದ್ದೋನಿಗೆ ಇಷ್ಟೂ ತಿಳೀಲಿಲ್ವೇ?"

 ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಒಂದು ಅಂದ್ರೆ ಎರಡು ಸಾಕಿದೀಯ. ನಿನ್ನಂಥೋನು ಸಿಗಲ್ಲಯ್ಯ" ಎನ್ನುತ್ತ ಮಾಲೀಕರು ಕುರ್ಚಿಯ ಕೆಳಗಿನಿಂದ ಬುಟ್ಟಿ ಎಳೆದು ಬಟ್ಟೆ ಸರಿಸಿದರು. ಬೊಗಸೆಗಾತ್ರದ ಮರಿಯೊಂದು ಆಕಳಿಸಿತು. "ನನ್ನ ಹೆಂಡತಿ ಸಾಕಿದ ನಾಯೀ ಮರಿ. ಅವಳು ತೀರಿಕೊಂಡಳು. ಇದು ಓಡೋದು ನಿಲ್ಲಿಸಲ್ಲ, ನನಗೆ ಓಡೋಕಾಗಲ್ಲ. ಎಲ್ಲಿ ಬಿಡಲಿ ಅಂತ ದಾರಿಯುದ್ದಕ್ಕೂ ದೇವರನ್ನ ಕೇಳ್ತಾ ಬಂದೆ. ಮನೆ ತೋರಿಸಿಬಿಟ್ಟ."

ಇಲ್ಲವೆನ್ನಲು ಯಾರಿಗೆ ಮನಸ್ಸು ಬಂದೀತು? "ಅಯ್ಯೋ, ಇನ್ನೊಂದಾ!" ಎಂದಳು ಹೆಂಡತಿ, ಹಾಲಿನ ಬಟ್ಟಲು ಮುಂದಿಡುತ್ತ.

ಮರಿ ಕಿವಿ ನಿಮಿರಿಸಿತು. ಕರಡಪ್ಪ ಅವಳ ಬಾಯಿಗೆ ಕೈ ಅಡ್ಡ ಹಿಡಿದ, ಹೊತ್ತು ಮೀರಿತ್ತು.

ಮಾಲೀಕರು ಹೋದದ್ದೇ ತಡ, ಅಜ್ಜಿ ಕಿಟಕಿಯಿಂದ ಕೇಳಿದಳು: "ಏನೋ ಬೊಗಳಾಟ? ಎಷ್ಟಾದವೋ ನಿನ್ನ ನಾಯಿ?"

"ಸಾಕು, ಬೇಡ, ಇನ್ನೊಂದು" ಎಂದ ಕರಡಪ್ಪ.

ಮೂರೂ ಒಟ್ಟಿಗೆ ಅವನ ಮೇಲೆ ಹಾರಿದವು.