ತಲೆಬುರುಡೆಯನ್ನು ನಿಷೇಧಿಸಿದ ಮಹಾರಾಜರು

ನಿಮ್ಮ ಅಜ್ಜನ ಅಜ್ಜ ಇನ್ನೂ ಹುಟ್ಟಿರದ, ಆದರೆ ಪ್ಲಾಸ್ಟಿಕ್ ಡ್ರಮ್ಮು ಆಗಲೇ ಹುಟ್ಟಿದ್ದ ಕಾಲದಲ್ಲಿ ಸುಮಂಗಳವೆಂಬ ರಾಜ್ಯವೊಂದಿತ್ತು. ನಕ್ಷೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಸಿಕ್ಕಿದರೂ ಸುಮ್ಮನಿರಿ.

ನಮ್ಮ ಮನೆಗಳಲ್ಲಿ ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತಾರಲ್ಲ, ಹೊರಟವರು ಹೋಗುತ್ತೇನೆ ಎನ್ನದೆ ಹೋಗಿ ಬರುತ್ತೇನೆ ಎನ್ನುತ್ತಾರಲ್ಲ, ಸುಮಂಗಳದಲ್ಲಿ ಈ ಪದ್ಧತಿಯನ್ನು ಮನೆಯವರ ಕೈಗೆ ಬಿಡದೆ ಸರ್ಕಾರವೇ ವಹಿಸಿಕೊಂಡಿತ್ತು. ಅದಕ್ಕಾಗಿ ಶುಭನುಡಿ ಖಾತೆ ಎಂಬುದಿತ್ತು. ಒಬ್ಬ ಸಚಿವ, ಮೂವರು ಕಾರ್ಯದರ್ಶಿಗಳು, ಜಿಲ್ಲೆಗೊಂದು ಉಪನಿರ್ದೇಶಕರ ಕಚೇರಿ. ಸೇತುವೆ ಕುಸಿದರೆ ‘ಸೇತುವೆಯು ನದಿಯನ್ನು ಆಲಿಂಗಿಸಿತು’ ಎಂದು ಪ್ರಕಟಣೆ ಹೊರಡುತ್ತಿತ್ತು. ನಪಾಸಾದ ವಿದ್ಯಾರ್ಥಿಗಳಿಗೆ ‘ತರಗತಿಪ್ರೇಮಿಗಳು’ ಎಂದು ಹೆಸರು. ಮಹಾರಾಜ ಸುಪ್ರಸನ್ನಭೂಪರು ಪಟ್ಟವೇರಿ ಇಪ್ಪತ್ತೈದು ವರ್ಷ ತುಂಬುತ್ತ ಬಂದಿತ್ತು. ಅಷ್ಟೂ ಕಾಲ ಅವರ ಕಿವಿಗೆ ಒಂದೇ ಒಂದು ಅಶುಭ ಪದ ಬಿದ್ದಿರಲಿಲ್ಲ.

ಅರಮನೆಯ ಹಿಂಭಾಗದಲ್ಲಿ ರಾಜವಸ್ತ್ರ ಶುಭ್ರೀಕರಣ ಕೇಂದ್ರವಿತ್ತು. ಅಲ್ಲಿ ದುಡಿಯುವವರು ಅದನ್ನು ಒಗೆಯೋ ಮನೆ ಎನ್ನುತ್ತಿದ್ದರು. ಅಲ್ಲಿನ ರಾಸಾಯನಿಕ ಡ್ರಮ್ಮುಗಳ ಕೋಣೆಯ ಬೀಗದ ಕೈ ಜವರಮ್ಮನ ಸೊಂಟದಲ್ಲಿತ್ತು. ಐವತ್ತರ ಹೆಂಗಸು, ನಾಲ್ಕನೇ ಕ್ಲಾಸು ಓದಿದವಳು, ಬಾಯಿ ಜೋರು. ಅವಳ ಕೈಕೆಳಗೆ ಹನ್ನೊಂದು ಹೆಂಗಸರಿದ್ದರು. ಅವರಲ್ಲಿ ಒಬ್ಬಳು ಸ್ವಂತ ತಂಗಿ ಕಾಳಮ್ಮ. ಡ್ರಮ್ಮುಗಳು ಹೊರದೇಶದಿಂದ ಬರುತ್ತಿದ್ದವು. ಅವುಗಳ ಮೇಲೆ ಕೆಂಪು ಗೆರೆಯ ಚೌಕದೊಳಗೆ ಒಂದೊಂದು ಎಚ್ಚರಿಕೆಯ ಚಿತ್ರ, ಜೊತೆಗೆ ಹದಿನಾರು ಭಾಗಗಳ ಮಾಹಿತಿ ಹಾಳೆ. ಆ ಹಾಳೆಯನ್ನು ಜವರಮ್ಮ ಗುಮಾಸ್ತನಿಂದ ಮೂರು ಸಲ ಓದಿಸಿ, ಹೆಂಗಸರಿಗೆ ತನ್ನ ಭಾಷೆಯಲ್ಲಿ ಪಾಠ ಮಾಡಿದ್ದಳು.

“ನೋಡ್ರವ್ವಾ, ಬೆಂಕಿ ಚಿತ್ರ ಇದ್ರೆ ಒಲೆ ತಾವ ಇಕ್ಕಬೇಡಿ. ಕೈ ಮ್ಯಾಲೆ ತೊಟ್ಟು ಬೀಳೋ ಚಿತ್ರ ಇದ್ರೆ ಚರ್ಮ ತಿಂತದೆ, ಗ್ಲೌಸು ಹಾಕ್ಕಳಿ. ಮೈಗೆ ಬಿದ್ರೆ ಓಡೋಗಿ ನಲ್ಲಿ ಕೆಳಗೆ ನಿಂತ್ಕಳಿ, ಕಾಲು ಗಂಟೆ ಅಲ್ಲಾಡಬ್ಯಾಡಿ.”

“ಈ ಬುರುಡೆ ಯಾರಕ್ಕಾ? ನಮ್ಮತ್ತೆ ಇದ್ದಂಗದೆ,” ಎಂದಳು ಕಾಳಮ್ಮ.

“ನಿಮ್ಮತ್ತೆ ಬೈದು ಸುಮ್ನಾಯ್ತಳೆ. ಇವನು ಬೈಯಕಿಲ್ಲ ಕಣೆ, ಮೊದ್ಲೇ ಹಲ್ಲು ಕಿರಿದು ಹೇಳ್ಬುಡ್ತನೆ. ಅಷ್ಟು ಒಳ್ಳೆಯವನು.”

ಕೋಣೆಯ ಮೂಡಣ ಮೂಲೆಯಲ್ಲಿ ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚಿಂಗ್ ನೀರು, ಪಡುವಣ ಮೂಲೆಯಲ್ಲಿ ತುಕ್ಕಿನ ಕಲೆ ತೆಗೆಯುವ ಆಸಿಡ್ಡು. ಎರಡನ್ನೂ ಬೆರೆಸಿದರೆ ಉಸಿರು ಹಿಡಿಯುವ ಗಾಳಿ ಏಳುತ್ತದೆ ಎಂದು ಎರಡರ ಮೇಲೂ ಬರೆದಿತ್ತು. ಒಂದರ ಚೆಂಬು ಇನ್ನೊಂದಕ್ಕೆ ತಾಗಿದರೂ ಜವರಮ್ಮ ಕೂಗುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಅವಳ ಕೋಣೆಯಿಂದ ಒಬ್ಬರೂ ಆಸ್ಪತ್ರೆಗೆ ಹೋಗಿರಲಿಲ್ಲ.

ಇಂಥ ಸುಖದ ದಿನಗಳಲ್ಲಿ ಮಹಾರಾಜರಿಗೆ ಜನಸಂಪರ್ಕದ ಆಸೆ ಹುಟ್ಟಿತು. ಬೆಳ್ಳಿಹಬ್ಬದ ಪೂರ್ವಭಾವಿ ಪರಿಶೀಲನೆ ಎಂಬ ಕಾರ್ಯಕ್ರಮದಡಿ, ಛತ್ರಚಾಮರ ಸಮೇತ ಅವರು ಒಗೆಯೋ ಮನೆಗೆ ಬಿಜಯಂಗೈದರು. ಡ್ರಮ್ಮಿನ ಮೇಲಿನ ತಲೆಬುರುಡೆಯನ್ನು ಕಂಡು ನಿಂತರು.

“ಇವರು ಯಾವ ಇಲಾಖೆಯವರು? ತುಂಬ ಸೊರಗಿದ್ದಾರೆ.”

ಶುಭನುಡಿ ಸಚಿವ ಮಧುವಚನರು ಬೆವರಿದರು. ಅವರ ಖಾತೆಯ ಕಣ್ತಪ್ಪಿಸಿ ಇಷ್ಟೊಂದು ಅಶುಭ ಅರಮನೆಯ ಹಿತ್ತಲಲ್ಲೇ ಇತ್ತಲ್ಲ!

“ಮಹಾಪ್ರಭು, ಅದೊಂದು ಮುದ್ರಣದೋಷ. ತಮ್ಮ ದೃಷ್ಟಿ ಬಿದ್ದ ಕ್ಷಣವೇ ಅದು ನಾಚಿ ಬಿಳಿಚಿಕೊಂಡಿದೆ, ನೋಡೋಣಾಗಲಿ.”

“ಹೌದು, ಬಿಳಿಚಿಕೊಂಡಿದೆ,” ಎಂದರು ಮಹಾರಾಜರು ಸಂತುಷ್ಟರಾಗಿ.

ಮರುದಿನವೇ ರಾಜಾಜ್ಞೆ ಹೊರಟಿತು. ಸಮಸ್ತ ರಾಜ್ಯದ ಕಾರ್ಖಾನೆ, ಉಗ್ರಾಣ, ಅಂಗಡಿಗಳ ಡ್ರಮ್ಮು, ಸೀಸೆ, ಚೀಲಗಳ ಮೇಲಿನ ಅಶುಭ ಚಿತ್ರಗಳನ್ನು ಕಿತ್ತು, ಅಲ್ಲಿ ಗುಲಾಬಿ ಬಣ್ಣದ ಚೀಟಿ ಅಂಟಿಸತಕ್ಕದ್ದು. ಚೀಟಿಯ ಮೇಲೆ ಮಹಾರಾಜರ ನಗುಮುಖ, ಕೆಳಗೆ ‘ಶುಭದ್ರವ’ ಎಂಬ ಪದ. ಎಲ್ಲ ಡ್ರಮ್ಮಿಗೂ ಒಂದೇ ಚೀಟಿ, ಏಕೆಂದರೆ ಭೇದಭಾವ ಸಲ್ಲದು. ಹದಿನಾರು ಭಾಗಗಳ ಮಾಹಿತಿ ಹಾಳೆಯನ್ನು ಸರಳೀಕರಿಸಿ ಒಂದು ಸಾಲಿಗೆ ಇಳಿಸಲಾಯಿತು: ‘ಮಹಾರಾಜರ ಕೃಪೆಯಿಂದ ಎಲ್ಲವೂ ಕ್ಷೇಮ.’

ಚೀಟಿ ಅಂಟಿಸಲು ಬಂದ ಸಚಿವರ ಎದುರು ಜವರಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಬುದ್ದೀ, ಯಾವುದು ಆಸಿಡ್ಡು, ಯಾವುದು ಬ್ಲೀಚು ಅಂತ ಹೆಣ್ಣುಮಕ್ಳಿಗೆ ಹೆಂಗೆ ಗೊತ್ತಾಗಬೇಕು?”

“ಗೊತ್ತಾಗುವ ಅಗತ್ಯವೇ ಇಲ್ಲವಮ್ಮ. ಅಪಾಯವನ್ನು ನಿನ್ನೆ ಸಂಜೆ ಐದು ಗಂಟೆಗೇ ರದ್ದುಪಡಿಸಿದ್ದೇವೆ. ಗೆಜೆಟ್‌ನಲ್ಲಿ ಬಂದಿದೆ.”

“ಡ್ರಮ್ಮಿನೊಳಗಿರೋದು ಗೆಜೆಟ್ ಓದ್ತದಾ ಬುದ್ದೀ?”

“ನಿನ್ನ ಧೋರಣೆ ನೇತ್ಯಾತ್ಮಕವಾಗಿದೆ,” ಎಂದು ಸಚಿವರು ಮೂಗು ಮುರಿದರು. ಜೊತೆಗಿದ್ದ ಕಾರ್ಯದರ್ಶಿ ಅದನ್ನು ಟಿಪ್ಪಣಿ ಮಾಡಿಕೊಂಡ.

ಜವರಮ್ಮ ಸುಮ್ಮನಾಗುವವಳಲ್ಲ. ಅವರು ಅತ್ತ ಹೋದೊಡನೆ ಆಸಿಡ್ಡಿನ ಕೊರಳಿಗೆ ಕೆಂಪು ಚಿಂದಿ, ಬ್ಲೀಚಿಂಗಿನ ಕೊರಳಿಗೆ ನೀಲಿ ಚಿಂದಿ ಕಟ್ಟಿದಳು. ಮೂರನೇ ದಿನ ಪರಿವೀಕ್ಷಕ ಬಂದು ‘ಶುಭದ್ರವಕ್ಕೆ ಹರಕು ಬಟ್ಟೆ ತೊಡಿಸಿ ಅವಮಾನ’ ಎಂದು ಬರೆದುಕೊಂಡು ಎರಡನ್ನೂ ಬಿಚ್ಚಿಹಾಕಿದ. ಬೀಗದ ಕೈಯನ್ನೂ ಕಿತ್ತುಕೊಂಡ. ಜವರಮ್ಮನಿಗೆ ಪ್ರಸನ್ನ ಸುರಕ್ಷತೆ ಎಂಬ ಮೂರು ದಿನಗಳ ಕಾರ್ಯಾಗಾರಕ್ಕೆ ಹಾಜರಾಗಲು ಆದೇಶ ಬಂತು. ಅಲ್ಲಿ ಬೆಳಿಗ್ಗೆ ನಗುವುದು, ಮಧ್ಯಾಹ್ನ ಬೋಂಡ, ಸಂಜೆ ಮತ್ತೆ ನಗುವುದು. ಮೊದಲೆರಡು ದಿನ ಅವಳು ಬೋಂಡದ ಪರೀಕ್ಷೆಯಲ್ಲಿ ಮಾತ್ರ ಪಾಸಾದಳು.

ಮೂರನೇ ದಿನವೇ ಬೆಳ್ಳಿಹಬ್ಬ. ಆಸ್ಥಾನದ ತುಂಬ ಜನ. ಸಿಂಹಾಸನದ ಅಮೃತಶಿಲೆಯ ಮೆಟ್ಟಿಲು ತೊಳೆಯಲು ಕಾಳಮ್ಮ ಮತ್ತಿಬ್ಬರು ಹೆಂಗಸರು ಬಕೆಟ್ಟು ಹಿಡಿದು ನಿಂತಿದ್ದರು. ಮಧುವಚನರಿಗೆ ಒಂದು ದಿವ್ಯ ಯೋಚನೆ ಹೊಳೆದಿತ್ತು. ಒಂದು ಶುಭದ್ರವದಲ್ಲಿ ಇಷ್ಟು ಶುಭವಿದ್ದರೆ, ಎರಡು ಡ್ರಮ್ಮಿನ ಶುಭದ್ರವ ಕೂಡಿದರೆ ಎಷ್ಟು ಶುಭವಾಗಬೇಡ! ಒಗೆಯೋ ಮನೆಯ ಎರಡು ಮೂಲೆಗಳಿಂದ ಒಂದೊಂದು ಡ್ರಮ್ಮನ್ನು ಆಸ್ಥಾನಕ್ಕೆ ಹೊರಿಸಿ ತಂದು, ದೊಡ್ಡ ಬೆಳ್ಳಿ ಕೊಪ್ಪರಿಗೆಯನ್ನು ಸಿಂಹಾಸನದ ಮುಂದೆ ಇರಿಸಿದ್ದರು.

ಕಾರ್ಯಾಗಾರದ ಜಗಲಿಗೆ ಈ ಸುದ್ದಿ ತಂದವನು ಬೋಂಡದ ಅಡುಗೆಯವನು. “ನಿನ್ನ ಎರಡು ಡ್ರಮ್ಮೂ ಮೆರವಣಿಗೇಲಿ ಹೋದ್ವಲ್ಲಮ್ಮ, ಹೂವಿನ ಹಾರ ಹಾಕ್ಕೊಂಡು!”

“ನಮ್ಮ ಕಾಳಿ ಎಲ್ಲವಳೆ?”

“ಅಲ್ಲೇ, ಮೆಟ್ಟಿಲ ತಾವ.”

ಜವರಮ್ಮ ನಗುತ್ತಿದ್ದ ಗುಂಪನ್ನು ಸೀಳಿಕೊಂಡು ಓಡಿದಳು. ಅವಳು ಆಸ್ಥಾನದ ಬಾಗಿಲು ಮುಟ್ಟುವಾಗ ಮೊದಲ ಡ್ರಮ್ಮು ಕೊಪ್ಪರಿಗೆಗೆ ಬಗ್ಗಿಯಾಗಿತ್ತು, ಎರಡನೆಯದನ್ನು ಬಗ್ಗಿಸುತ್ತಿದ್ದರು. ಹಳದಿ ಹಸಿರು ಹೊಗೆ ಮೆಲ್ಲಗೆ ಏಳುತ್ತಿತ್ತು. ಆಸ್ಥಾನಿಕರು ಚಪ್ಪಾಳೆ ತಟ್ಟುತ್ತಿದ್ದರು. “ಆಹಾ, ರಾಜಧ್ವಜದ ಬಣ್ಣ!” ಎಂದ ವಿದ್ವಾಂಸನೊಬ್ಬ ಕೆಮ್ಮುತ್ತ ಕೆಮ್ಮುತ್ತಲೇ ಪದ್ಯ ಕಟ್ಟುತ್ತಿದ್ದ. ಕೊಪ್ಪರಿಗೆಯ ಪಕ್ಕದಲ್ಲೇ ಕಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಪ್ಪಣೆಯಿಲ್ಲದೆ ಕದಲುವಂತಿರಲಿಲ್ಲ.

ಜವರಮ್ಮ ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದಳು.

“ವಿಷ ಕಣ್ರೋ, ವಿಷ! ಸಾಯ್ತೀರ! ಎಲ್ರೂ ಹೆಣ ಆಗೋಯ್ತೀರ, ಆಚೀಕ್ ಓಡ್ರೋ!”

ಇಪ್ಪತ್ತೈದು ವರ್ಷಗಳಲ್ಲಿ ಆ ಸಭಾಂಗಣದಲ್ಲಿ ಅಂಥ ಪದ ಕೇಳಿಸಿರಲಿಲ್ಲ. ಒಂದೇ ಉಸಿರಿಗೆ ಮೂರು ಕೇಳಿಸಿದವು. ಹೊಗೆಗೆ ಹೆದರದ ಆಸ್ಥಾನ ಆ ಮಾತಿಗೆ ಬೆಚ್ಚಿತು. ಅಶುಭ ಕಿವಿಯೊಳಗೆ ಇಳಿಯದಿರಲೆಂದು ಎಲ್ಲರೂ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ನುಗ್ಗಿದರು. ಮಹಾರಾಜರು ಎಲ್ಲರಿಗಿಂತ ಮುಂದಿದ್ದರು. ಜವರಮ್ಮ ಸೆರಗು ಮೂಗಿಗೆ ಒತ್ತಿ ಒಳನುಗ್ಗಿ, ಕಾಳಮ್ಮನನ್ನೂ ಇಬ್ಬರು ಹೆಂಗಸರನ್ನೂ ತಳ್ಳಿಕೊಂಡು ಹೊರಬಂದಳು. ಐದು ನಿಮಿಷದಲ್ಲಿ ಒಳಗೆ ಒಂದು ನೊಣವೂ ಇರಲಿಲ್ಲ. ಹೀಗೆ ನಾನೂರು ಜನರ ಪ್ರಾಣ ಉಳಿಯಿತು.

ಅಂಗಳದಲ್ಲಿ ಎಲ್ಲರ ಕಣ್ಣಿಂದಲೂ ಧಾರಾಕಾರ ನೀರು. ಕೆಮ್ಮು ನಿಲ್ಲುತ್ತಿಲ್ಲ. ಮಹಾರಾಜರು ಕೆನ್ನೆ ಮುಟ್ಟಿ ನೋಡಿಕೊಂಡು ಬೆರಗಾದರು.

“ಮಧುವಚನರೇ, ಇದೇನಿದು, ಒದ್ದೆ?”

ಸಚಿವರು ಒಂದು ಕ್ಷಣ ಕೆಮ್ಮಿದರು, ಇನ್ನೊಂದು ಕ್ಷಣದಲ್ಲಿ ಚೇತರಿಸಿಕೊಂಡರು. “ಆನಂದಬಾಷ್ಪ, ಮಹಾಪ್ರಭು! ತಮ್ಮ ಬೆಳ್ಳಿಹಬ್ಬಕ್ಕೆ ಇಡೀ ಆಸ್ಥಾನ ಏಕಕಾಲದಲ್ಲಿ ಆನಂದಬಾಷ್ಪ ಸುರಿಸಿತು. ಇತಿಹಾಸದಲ್ಲೇ ಮೊದಲು!”

“ಹಾಗಾದರೆ ಇದು ಪ್ರತಿವರ್ಷ ಆಗಲಿ,” ಎಂದರು ಮಹಾರಾಜರು ಗದ್ಗದಿತರಾಗಿ.

ಮಧುವಚನರಿಗೆ ಶುಭಶಿರೋಮಣಿ ಬಿರುದು, ಬಂಗಾರದ ಕಿರೀಟ. ಪ್ರತಿ ಬೀದಿಗೂ ಎರಡು ಡ್ರಮ್ಮು, ಒಂದು ಕೊಪ್ಪರಿಗೆ. ಪ್ರತಿವರ್ಷ ಇದೇ ದಿನ ಪ್ರಜೆಗಳೆಲ್ಲ ಮನೆಯಿಂದ ಕರವಸ್ತ್ರ ತಂದು ಆನಂದ ಪಡತಕ್ಕದ್ದು. ಕಾಳಮ್ಮನ ಕೆಮ್ಮು ಎರಡು ತಿಂಗಳಾದರೂ ಬಿಡಲಿಲ್ಲ. ಸರ್ಕಾರಿ ವೈದ್ಯರು ಅದನ್ನು ‘ಕಂಠದ ಉತ್ಸಾಹ’ ಎಂದು ದಾಖಲಿಸಿ ಕೆಲಸಕ್ಕೆ ಕಳಿಸಿದರು.

ಜವರಮ್ಮನ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಮೂರು ಅಶುಭ ಪದ, ಸಾರ್ವಜನಿಕ ಸ್ಥಳ, ಪೂರ್ವಾನುಮತಿ ಇಲ್ಲ. ಕೆಲಸದಿಂದ ವಜಾ. ಅದರ ಮೇಲೆ, ಜನ ಅವಳ ಮಾತಿನಿಂದ ದೂರವಿರಲೆಂದು, ಕೆಂಪು ಗೆರೆಯ ಚೌಕದಲ್ಲಿ ‘ಅಪಾಯ’ ಎಂದು ಬರೆದ ಹಲಗೆಯನ್ನು ಅವಳ ಕೊರಳಿಗೆ ಕಟ್ಟಲಾಯಿತು. ಆ ಪದವನ್ನು ಬರೆಯಲು ಸಚಿವ ಸಂಪುಟದ ವಿಶೇಷ ಅನುಮತಿ ಬೇಕಾಯಿತು.

ಹಲಗೆ ಕಟ್ಟಿದ ಮಾರನೆಯ ಬೆಳಿಗ್ಗೆ ಅವಳ ಮನೆ ಮುಂದೆ ಹನ್ನೊಂದು ಹೆಂಗಸರು ನಿಂತಿದ್ದರು. ಕಾಳಮ್ಮ ಕೆಮ್ಮುತ್ತ ಕೇಳಿದಳು.

“ಅಕ್ಕಾ, ಚೂರು ಬಂದು ಆಸಿಡ್ ಡ್ರಮ್ಮಿನ ಪಕ್ಕ ನಿಂತ್ಕತೀಯಾ? ಯಾವುದು ಅಂತ ಗೊತ್ತಾಯ್ತದೆ.”

ಜವರಮ್ಮ ಬೈಯುತ್ತಲೇ ಹೋಗಿ ನಿಂತಳು. ಮಧ್ಯಾಹ್ನದ ಹೊತ್ತಿಗೆ ಚರ್ಮ ಹದ ಮಾಡುವವರು ಕರೆಯಲು ಬಂದರು, ಸಂಜೆಗೆ ಬಣ್ಣದ ಮನೆಯವರು, ಮರುದಿನ ಗೊಬ್ಬರದ ಉಗ್ರಾಣದವರು. ಸುಮಂಗಳ ರಾಜ್ಯದಲ್ಲಿ ಡ್ರಮ್ಮುಗಳು ಒಟ್ಟು ನಾಲ್ಕು ಸಾವಿರ. ಜವರಮ್ಮ ಒಬ್ಬಳೇ.